ಜಯಮ್ಮನ ಪಿಕಪ್ಪೂ ನನ್ನ ಕಿವಿಯೂ

ನಲವತ್ತೊಂದು ವರ್ಷ ತಿಪಟೂರಿನಲ್ಲಿ ಡೀಸೆಲ್ ಗಾಡಿಗಳನ್ನು ರಿಪೇರಿ ಮಾಡಿದವನು ನಾನು. ಅದರಲ್ಲಿ ಕೊನೆಯ ಐದಾರು ವರ್ಷ ನನಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈ ಸೀಮೆಯಲ್ಲಿ ನನ್ನ ಹೆಸರು ನಡೆದದ್ದೇ ಕಿವಿಯ ಮೇಲೆ. "ಬಷೀರ್ ಸಾಬ್ರು ಬಾನೆಟ್ ಎತ್ತೋದೇ ಬ್ಯಾಡ ಕಣ್ಲಾ, ಗಾಡಿ ಗೇಟಿಗೆ ಬರೋ ಹೊತ್ಗೇ ಕಾಯ್ಲೆ ಹೇಳ್ತಾರೆ" ಎಂದು ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರೆಲ್ಲ ಮಾತಾಡಿಕೊಳ್ಳುತ್ತಿದ್ದರು. ನಾನೂ ಅದನ್ನು ಅಲ್ಲಗಳೆಯಲು ಹೋಗಲಿಲ್ಲ. ಪುಕ್ಕಟೆ ಬರುವ ಹೊಗಳಿಕೆ ಯಾರಿಗೆ ಬೇಡ ಹೇಳಿ.

ಈಗ ಗ್ಯಾರೇಜು ಮುಚ್ಚಿ ಮನೆಯಲ್ಲಿದ್ದೇನೆ. ಡೀಸೆಲ್ ಕೆಲಸ ಕಲಿಯುತ್ತಿರುವ ಹುಡುಗ ಹುಡುಗಿಯರು ಆಗಾಗ ಬಂದು, ಎಂಜಿನ್ ನಾಕ್ ಆದರೆ ಕಂಡುಹಿಡಿಯುವುದು ಹೇಗೆ ಎಂದು ಕೇಳುತ್ತಾರೆ. ಎಂಜಿನ್ನಿನಿಂದ ಸುತ್ತಿಗೆಯಲ್ಲಿ ಬಡಿದಂತೆ ಬರುವ ಸದ್ದಿಗೆ ಅವರು ನಾಕ್ ಎನ್ನುತ್ತಾರೆ, ನಾವು ಬಡಿತ ಎನ್ನುತ್ತಿದ್ದೆವು. ಹೊಸ ಗಾಡಿಗಳಿಗೆ ಕಂಪ್ಯೂಟರ್ ಚುಚ್ಚಿದರೆ ಅದೇ ಏನೋ ಒಂದು ನಂಬರು ಒದರುತ್ತದೆ. ಹಳೆಯ ಪಿಕಪ್ಪಿಗೆ ಚುಚ್ಚಲು ತೂತೇ ಇಲ್ಲ. ಅಲ್ಲಿ ನೀವುಂಟು, ಗಾಡಿಯುಂಟು. ಆದ್ದರಿಂದ ಬಡಿತದ ಬಗ್ಗೆ ನನಗೆ ತಿಳಿದದ್ದನ್ನು ಬರೆಯುತ್ತೇನೆ. ಅದರಲ್ಲಿ ನನ್ನ ಮಾನ ಹೋದ ಕಥೆಯೇ ಮುಖ್ಯವಾದದ್ದು. ಉಳಿದದ್ದು ಪುಸ್ತಕದಲ್ಲೂ ಸಿಗುತ್ತದೆ.

ನನಗೆ ಕೆಲಸ ಕಲಿಸಿದವರು ಗಫಾರ್ ಉಸ್ತಾದ್. ಮಾತು ಕಡಿಮೆ, ಸಿಟ್ಟು ಅದಕ್ಕಿಂತ ಕಡಿಮೆ. ಅವರ ಕೈಕೆಳಗೆ ಎರಡು ವರ್ಷ ಕಳೆದ ಮೇಲೆ ನನಗೆ ತಲೆ ಭುಜದ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ಶುಕ್ರವಾರ ಅವರು ನಮಾಜಿಗೆ ಹೋಗಿದ್ದಾಗ ಶೆಟ್ಟಿಕೆರೆಯಿಂದ ಒಂದು ಪಿಕಪ್ ಬಡಿದುಕೊಂಡೇ ಬಂತು. ನಾನು ಬಗ್ಗಿ ಕೇಳಿದೆ, ಬೇರಿಂಗ್ ಹೋಗಿದೆ ಎಂದು ತೀರ್ಮಾನ ಮಾಡಿದೆ. ಉಸ್ತಾದರು ಬರುವಷ್ಟರಲ್ಲಿ ಮುಗಿಸಿ ಭೇಷ್ ಅನ್ನಿಸಿಕೊಳ್ಳಬೇಕೆಂದು ಆಯಿಲ್ ಇಳಿಸಿ, ಕೆಳಗಿನ ತೊಟ್ಟಿ ಬಿಚ್ಚಿ, ಬೇರಿಂಗುಗಳನ್ನೆಲ್ಲ ಕಿತ್ತು ಪೇಪರಿನ ಮೇಲೆ ಸಾಲಾಗಿ ಇಟ್ಟೆ. ಅವು ಹೊಸವುಗಳಂತೆ ಫಳಫಳ ಹೊಳೆಯುತ್ತಿದ್ದವು.

ಉಸ್ತಾದರು ಬಂದರು. ಪೇಪರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಡ್ರೈವರ್ ಕಡೆ ತಿರುಗಿ, "ಯಾವಾಗಿಂದಪ್ಪಾ ಬಡೀತಿರೋದು?" ಎಂದು ಕೇಳಿದರು.

"ಮೊನ್ನೆ ಡೀಸೆಲ್ ಹಾಕಿಸ್ದಾಗಿಂದ ಸಾಬ್ರೇ" ಎಂದ ಆತ.

ಡೀಸೆಲ್‌ನಲ್ಲಿ ಕಸವಿತ್ತು. ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳಲ್ಲಿ ಒಂದು ಕಟ್ಟಿಕೊಂಡಿತ್ತು. ಅದನ್ನು ತೊಳೆದು ಹಾಕಲು ಉಸ್ತಾದರಿಗೆ ಅರ್ಧ ಗಂಟೆ ಸಾಕಾಯಿತು. ನಾನು ಬಿಚ್ಚಿದ್ದನ್ನೆಲ್ಲ ಮತ್ತೆ ಕೂಡಿಸಲು ನನಗೆ ಮಾರನೆಯ ದಿನ ಸಂಜೆಯಾಯಿತು. ಅವರು ಬೈಯಲಿಲ್ಲ. "ಗಾಡಿ ಜೊತೆ ಬಂದೋನಿಗೆ ಬಾಯಿ ಇತ್ತಲ್ಲ, ಯಾಕೆ ಕೇಳ್ಲಿಲ್ಲ?" ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಸ್ಪ್ಯಾನರ್ ಹಿಡಿಯುವ ಮೊದಲು ಐದು ಪ್ರಶ್ನೆ ಕೇಳಬೇಕೆಂದು ಕಟ್ಟುಮಾಡಿದರು. ಬಡಿತ ಯಾವಾಗ ಶುರುವಾಯಿತು, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಲೋಡ್ ಇದ್ದಾಗ ಹೆಚ್ಚೋ ಖಾಲಿ ಇದ್ದಾಗ ಹೆಚ್ಚೋ, ಕ್ಲಚ್ ತುಳಿದರೆ ಸದ್ದು ಬದಲಾಗುತ್ತದೋ ಇಲ್ಲವೋ. ಕೊನೆಯದು, ಗಾಡಿಗೆ ಕಡೇ ಸಲ ಕೈ ಹಾಕಿದವರು ಯಾರು. ಈ ಕೊನೆಯ ಎರಡು ಪ್ರಶ್ನೆಗಳನ್ನು ನೆನಪಿಟ್ಟುಕೊಳ್ಳಿ. ನಾನು ಮರೆತದ್ದು ಅವನ್ನೇ.

ಇನ್ನೊಂದು ವಿದ್ಯೆಯನ್ನೂ ಅವರು ಕಲಿಸಿದರು. ಬೋಲ್ಟನ್ನು ಬಿಗಿ ಮಾಡಿದ ಮೇಲೆ ಚಿಕ್ಕ ಸುತ್ತಿಗೆಯಿಂದ ಅದರ ತಲೆಗೆ ಒಂದು ಏಟು ಕೊಡುವುದು. ಸರಿಯಾಗಿ ಕೂತ ಬೋಲ್ಟು ಟಿಣ್ ಎನ್ನುತ್ತದೆ, ಕೂರದಿದ್ದದ್ದು ಟಪ್ ಎನ್ನುತ್ತದೆ. ಆಮೇಲೆ ಟಾರ್ಕ್ ವ್ರೆಂಚ್ ಬಂತು. ಎಷ್ಟು ಬಿಗಿಯಾಗಬೇಕೋ ಅಷ್ಟಾದ ತಕ್ಷಣ ಕೈಗೆ ಕಟಕ್ಕೆಂದು ತಿಳಿಸುವ ಸಾಮಾನು. ನಾನೂ ಒಂದು ಕೊಂಡೆ, ಪ್ಲಾಸ್ಟಿಕ್ ಕವರು ಬಿಚ್ಚದೆ ಬೀರುವಿನಲ್ಲಿಟ್ಟೆ. ನನ್ನ ಕಿವಿ ಇರುವಾಗ ಅದೆಲ್ಲ ಯಾಕೆ ಎಂಬ ಜಂಬ.

ಕಿವಿ ಒಂದೇ ದಿನಕ್ಕೆ ಹೋಗುವುದಿಲ್ಲ. ಮೊದಲು ಸಣ್ಣ ಸದ್ದುಗಳು ಹೋದವು. ಗಾಡಿಯ ಇಂಡಿಕೇಟರ್ ಟಿಕ್ ಟಿಕ್ ಅನ್ನುವುದು ಹೋಯಿತು. ಕುಕ್ಕರ್ ಕೂಗುವುದು ಹೋಯಿತು. ದಪ್ಪ ಸದ್ದುಗಳು ಮಾತ್ರ ಚೆನ್ನಾಗಿಯೇ ಕೇಳುತ್ತಿದ್ದವು. ಅದರಿಂದಲೇ ನಾನು ಮೋಸಹೋದೆ. ಲಾರಿ ಹೋದರೆ ಕೇಳುತ್ತದೆ, ಅಮ್ಮಸಂದ್ರದಿಂದ ಸಿಮೆಂಟ್ ಹೇರಿಕೊಂಡು ಬಂದ ಎಂಜಿನ್ನು ಗುದ್ದಿದರೆ ಕೇಳುತ್ತದೆ, ಇನ್ನೇನು ಬೇಕು? ಜನ ಮಾತಾಡಿದರೆ ಅರ್ಧ ತಿಳಿಯುತ್ತಿರಲಿಲ್ಲ. ತಲೆ ಆಡಿಸಿಬಿಡುತ್ತಿದ್ದೆ. ತಲೆ ಆಡಿಸುವ ಮೆಕ್ಯಾನಿಕ್ಕನ್ನು ಕಂಡರೆ ಗಿರಾಕಿಗೆ ಸಮಾಧಾನ. ಹಾಗೆಯೇ ವರ್ಷಗಳು ಕಳೆದವು.

ಆಗ ಜಯಮ್ಮ ಬಂದಳು. ಹೊನ್ನವಳ್ಳಿಯವಳು, ವಯಸ್ಸು ನಲವತ್ತರ ಮೇಲೆ. ಏಳು ಜನ ಹೆಂಗಸರ ಗುಂಪು ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗಿ ಕೊಬ್ಬರಿ ಒಡೆದುಕೊಡುವುದು ಆಕೆಯ ಕೆಲಸ. ನಮ್ಮ ಸೀಮೆಯಲ್ಲಿ ತೆಂಗಿನಕಾಯನ್ನು ಅಟ್ಟದ ಮೇಲೆ ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅದಕ್ಕೆ ಗಿಟುಕು ಎನ್ನುತ್ತಾರೆ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಿಟುಕು ಒಳಗೆ ಬಡಿದುಕೊಳ್ಳುತ್ತದೆ. ಬಡಿಯದ ಕಾಯನ್ನು ಒಡೆದರೆ ಕೊಬ್ಬರಿ ಕೆಟ್ಟಿತೆಂದೇ ಲೆಕ್ಕ. ಜಯಮ್ಮ ದಿನಕ್ಕೆ ಸಾವಿರಾರು ಕಾಯಿ ಅಲ್ಲಾಡಿಸಿ, ಒಣಗಿದ್ದೋ ಇನ್ನೂ ಹಸಿಯೋ ಎಂದು ಹೇಳುವವಳು.

ಹಳೆಯ ಪಿಕಪ್ಪೊಂದನ್ನು ಕೊಂಡು, ತಾನೇ ಓಡಿಸಲು ಕಲಿತು, ಏಳು ಜನರನ್ನೂ ಮಚ್ಚು ಕುಡುಗೋಲುಗಳನ್ನೂ ಹಿಂದೆ ಹಾಕಿಕೊಂಡು ಓಡಾಡುತ್ತಿದ್ದಳು. ಗಾಡಿ ಇದ್ದುದರಿಂದಲೇ ಆ ಗುಂಪು. ಮೊದಲು ಬಸ್ಸಿಗೆ ಕಾಯುತ್ತಿದ್ದಾಗ ದೂರದ ತೋಟಗಳು ಕೈಗೆ ಸಿಗುತ್ತಿರಲಿಲ್ಲ, ವರ್ಷದಲ್ಲಿ ಅರ್ಧದಷ್ಟು ದಿನ ಕೆಲಸವಿಲ್ಲದೆ ಕೂರುತ್ತಿದ್ದರು. ಆ ಗಾಡಿಯ ಕ್ಲಚ್ ಪ್ಲೇಟನ್ನು ಹಿಂದಿನ ವರ್ಷ ನಾನೇ ಬದಲಾಯಿಸಿದ್ದೆ.

ಒಂದು ಶನಿವಾರ ಗಾಡಿ ಗೇಟಿನೊಳಗೆ ಬರುವಾಗಲೇ ದಪ್ಪಗೆ ಗುದ್ದುತ್ತಿತ್ತು. ಜಯಮ್ಮ ಕಿಟಕಿಯಿಂದ ಏನೇನೋ ಹೇಳಿದಳು. ಎಂಜಿನ್ ಓಡುತ್ತಿತ್ತು, ನನಗೆ ಒಂದಕ್ಷರ ತಿಳಿಯಲಿಲ್ಲ. ತಲೆ ಆಡಿಸಿದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ ಕೇಳಿದೆ. ಧಡ್ ಧಡ್ ಎಂದಿತು.

"ಬೇರಿಂಗ್ ಹೋಗೈತೆ ಜಯಮ್ಮ. ಅದ್ರೊಳಗೆ ತಿರುಗೋ ಕ್ರ್ಯಾಂಕೂ ಹೋಗಿರ್ತದೆ. ಈ ಹಳೇ ಗಾಡಿಗೆ ಎಂಜಿನ್ ಕಟ್ಟೋದಕ್ಕಿಂತ ಗುಜರಿಗೆ ಹಾಕೋದು ವಾಸಿ" ಎಂದೆ.

ಆಕೆ ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡೇ ಮತ್ತೆ ಏನೋ ಹೇಳಿದಳು. ನಾನು ಮತ್ತೆ ತಲೆ ಆಡಿಸಿದೆ. ಗಾಡಿ ಬಡಿದುಕೊಳ್ಳುತ್ತ ಹೊರಟುಹೋಯಿತು.

ನನ್ನ ಹೆಂಡತಿ ನೂರ್‌ಜಹಾನ್ ಊಟ ತಂದವಳು ಇದನ್ನೆಲ್ಲ ನೋಡುತ್ತ ನಿಂತಿದ್ದಳು. ಭಾನುವಾರ ಮನೆಯಲ್ಲಿ ತಟ್ಟೆ ಹಾಕುತ್ತ ಶುರುಮಾಡಿದಳು. ನಮ್ಮ ಮನೆಯ ಮಾತು ಉರ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಆ ಹೊನ್ನವಳ್ಳಿ ಹೆಂಗಸು ಹೇಳಿದ್ದಕ್ಕೆ ನೀವು ಯಾಕೆ ಉತ್ತರ ಕೊಡಲಿಲ್ಲ?"

"ಏನು ಹೇಳಿದಳು?"

"ಕ್ಲಚ್ ತುಳಿದರೆ ಸದ್ದು ನಿಲ್ಲುತ್ತದೆ ಅಂದಳು. ಮೂರು ಸಲ ಹೇಳಿದಳು. ನೀವು ಮೂರು ಸಲವೂ ಕೋಲೆ ಬಸವನ ಹಾಗೆ ತಲೆ ಆಡಿಸಿದಿರಿ. ಸೋಮವಾರ ಮಧ್ಯಾಹ್ನ ಗುಜರಿಯವನನ್ನು ಕರೆಸುತ್ತೇನೆ ಅಂದಳು, ಅದಕ್ಕೂ ಆಡಿಸಿದಿರಿ."

ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಬೇರಿಂಗಿನ ಬಡಿತ ಕ್ಲಚ್ ತುಳಿದರೆ ನಿಲ್ಲುವುದಿಲ್ಲ. ಎಂಜಿನ್ನಿನ ಹಿಂದೆ, ಗೇರ್‌ಬಾಕ್ಸಿಗೆ ಸೇರುವ ಕಡೆ, ಫ್ಲೈವೀಲ್ ಎಂಬ ಭಾರವಾದ ಕಬ್ಬಿಣದ ಚಕ್ರವಿರುತ್ತದೆ. ಅದು ಸಡಿಲವಾದರೂ ಬೇರಿಂಗಿನ ಹಾಗೆಯೇ ಗುದ್ದುತ್ತದೆ, ಕ್ಲಚ್ ತುಳಿದಾಗ ಒತ್ತಡ ಬಿದ್ದು ತೆಪ್ಪಗಾಗುತ್ತದೆ. ಎರಡು ವರ್ಷ ಕೆಲಸ ಕಲಿತವನಿಗೂ ತಿಳಿಯುವ ವಿಷಯ. ಫೋನ್ ಮಾಡೋಣವೆಂದರೆ ಫೋನಿನಲ್ಲಿ ನನಗೆ ಕೇಳುವುದಿಲ್ಲ. ನೂರ್‌ಜಹಾನ್ ಕೈಯಲ್ಲಿ ಮಾಡಿಸಬಹುದಿತ್ತು. ಅದಕ್ಕೆ ನಾಚಿಕೆ ಅಡ್ಡಬಂತು.

ಸೋಮವಾರ ಬೆಳಗಿನ ಬಸ್ಸಿಗೆ ಟೂಲ್ ಚೀಲ ಹೊತ್ತುಕೊಂಡು ಹೊನ್ನವಳ್ಳಿಗೆ ಹೋದೆ. ಬೀರುವಿನಲ್ಲಿದ್ದ ಟಾರ್ಕ್ ವ್ರೆಂಚನ್ನೂ ಏಕೋ ಚೀಲಕ್ಕೆ ಹಾಕಿಕೊಂಡಿದ್ದೆ. ಜಯಮ್ಮನ ಅಂಗಳದಲ್ಲಿ ಹೆಂಗಸರು ಅಟ್ಟದಿಂದ ಇಳಿಸಿದ ಕಾಯಿಗಳ ರಾಶಿಯ ಮುಂದೆ ಕೂತು, ಒಂದೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ಪಿಕಪ್ ಗೋಡೆಯ ಪಕ್ಕ ನಿಂತಿತ್ತು. ಅದರಲ್ಲಿದ್ದ ಸಾಮಾನು, ದೇವರ ಪಟ, ಹಗ್ಗ, ಎಲ್ಲವನ್ನೂ ಆಗಲೇ ಇಳಿಸಿಟ್ಟಿದ್ದಳು.

"ಇದೇನ್ ಸಾಬ್ರೇ ಇಷ್ಟು ದೂರ?" ಎಂದಳು.

"ಇನ್ನೊಂದ್ಸಲ ನೋಡ್ತೀನಿ ಅಂತ ಬಂದೆ ಕಣಮ್ಮ. ನೀನು ಒಂಚೂರು ಕೇಳ್ಬೇಕು."

"ನಾನ್ಯಾಕೆ? ನಿಮ್ ಕಿವಿ ಮುಂದೆ ನಮ್ದೆಲ್ಲಿ ಬುಡಿ."

ನಾನು ಸ್ಕ್ರೂಡ್ರೈವರನ್ನು ಆಕೆಯ ಕೈಗೆ ಕೊಟ್ಟೆ. ಎಂಜಿನ್ ಚಾಲೂ ಮಾಡಿ, ಒಂದೊಂದು ಇಂಜೆಕ್ಟರಿನ ಪೈಪಿನ ನಟ್ಟನ್ನು ಸರದಿಯಂತೆ ಸಡಿಲಿಸಿದೆ. ಸಡಿಲಿಸಿದ ಸಿಲಿಂಡರಿಗೆ ಡೀಸೆಲ್ ಹೋಗುವುದಿಲ್ಲ, ಅದು ಸುಮ್ಮನಾಗುತ್ತದೆ. ಬಡಿತ ಆ ಸಿಲಿಂಡರಿನ ಬೇರಿಂಗಿನದಾದರೆ ಆಗ ಬದಲಾಗಲೇಬೇಕು. ನಾಲ್ಕಕ್ಕೂ ಜಯಮ್ಮ ಇಲ್ಲ ಎಂದು ಕೈ ಆಡಿಸಿದಳು. ಆಮೇಲೆ ತಾನೇ ಸ್ಕ್ರೂಡ್ರೈವರನ್ನು ಮುಂದಿನಿಂದ ಹಿಂದಕ್ಕೆ ಸರಿಸುತ್ತ, ಕಣ್ಣು ಮುಚ್ಚಿ ಕೇಳುತ್ತ ಹೋದಳು. ಎಂಜಿನ್ ನಿಲ್ಲಿಸಿದ ಮೇಲೆ ನನ್ನ ಮುಖಕ್ಕೆ ಮುಖ ಕೊಟ್ಟು ಹೇಳಿದಳು.

"ಗಿಟುಕು ಆಡೋ ಸದ್ದು ಒಳಗಿಂದ ಬತ್ತದೆ ಸಾಬ್ರೇ, ಮೆತ್ತಗಿರ್ತದೆ. ಇದು ಹಂಗಿಲ್ಲ. ಚಿಪ್ಪು ಬಿರುಕು ಬಿಟ್ರೆ ಒಂಥರಾ ಒಡಕು ಸದ್ದು ಬತ್ತದಲ್ಲ, ಅದು ಇದು. ಹಿಂದ್ಗಡೆ ಐತೆ."

ಸುಮಾರು ನಲವತ್ತು ವರ್ಷದಲ್ಲಿ ಯಾವ ಡ್ರೈವರೂ ನನಗೆ ಇಷ್ಟು ಸ್ಪಷ್ಟವಾಗಿ ಕಾಯಿಲೆ ಹೇಳಿರಲಿಲ್ಲ. ಗೇರ್‌ಬಾಕ್ಸ್ ಇಳಿಸಲು ಜಾಕ್ ಇರಲಿಲ್ಲ. ತೆಂಗಿನ ನಾರಿನ ಹಗ್ಗ ಕಟ್ಟಿ, ಹಲಗೆ ಕೊಟ್ಟು, ಏಳು ಜನ ಹೆಂಗಸರೂ ಹಿಡಿದುಕೊಂಡರು. ನಾನು ಅಡಿಯಲ್ಲಿ ಮಲಗಿ ಬಿಚ್ಚಿದೆ. ಅಷ್ಟು ಮೆತ್ತಗೆ ಗೇರ್‌ಬಾಕ್ಸ್ ನೆಲಕ್ಕಿಳಿದದ್ದನ್ನು ನನ್ನ ಗ್ಯಾರೇಜಿನಲ್ಲೂ ನಾನು ಕಂಡಿರಲಿಲ್ಲ. ಮಧ್ಯೆ ಗುಜರಿಯವನು ಬಂದ. "ಸಾಬ್ರು ಇನ್ನೂ ನೋಡ್ತಾವ್ರೆ, ಕೂತ್ಕಳಪ್ಪಾ" ಎಂದು ಜಯಮ್ಮ ಅವನಿಗೆ ಮಜ್ಜಿಗೆ ಕೊಟ್ಟಳು.

ಕ್ಲಚ್ ಕಳಚಿದೆ. ಫ್ಲೈವೀಲಿಗೆ ಎಂಟು ಬೋಲ್ಟು. ಮೂರು ಬರೀ ಬೆರಳಿಗೆ ತಿರುಗಿದವು. ಬೋಲ್ಟಿನ ತಲೆಗಳ ಮೇಲೆ ಹಳದಿ ಬಣ್ಣದ ಗೀಟು ಇತ್ತು. ಬಿಗಿ ಮಾಡಿ, ಸುತ್ತಿಗೆ ತಾಗಿಸಿ, ಸದ್ದು ಸರಿಯಿದೆ ಎಂದು ಗ್ಯಾರಂಟಿಯಾದ ಬೋಲ್ಟಿಗೆ ಹಳದಿ ಗೀಟು ಎಳೆಯುವುದು ನನ್ನ ಪದ್ಧತಿ. ತಿಪಟೂರಿನಲ್ಲಿ ಬೇರೆ ಯಾರೂ ಹಾಗೆ ಎಳೆಯುವುದಿಲ್ಲ.

ಕಡೇ ಸಲ ಕೈ ಹಾಕಿದವರು ಯಾರು? ನಾನೇ. ಕ್ಲಚ್ ಪ್ಲೇಟ್ ಹಾಕುವಾಗ ಫ್ಲೈವೀಲನ್ನೂ ಬಿಚ್ಚಿ ಕೂಡಿಸಿದ್ದೆ. ಟಿಣ್ ಅನ್ನುವ ಸಣ್ಣ ಸದ್ದು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಬಿದ್ದಿತೆಂದು ನಾನೇ ಅಂದುಕೊಂಡು ಗೀಟು ಎಳೆದಿದ್ದೆ. ಆ ಗಾಡಿಯನ್ನು ಕೆಡಿಸಿದ್ದೂ ನಾನೇ, ಕೆಟ್ಟಿದೆ ಗುಜರಿಗೆ ಹಾಕು ಅಂದವನೂ ನಾನೇ. ಇನ್ನೊಂದಷ್ಟು ದಿನ ಓಡಿಸಿದ್ದರೆ ಆ ಚಕ್ರ ಕಿತ್ತುಕೊಂಡು ಯಾರ ಕಾಲಿಗೆ ಬರುತ್ತಿತ್ತೋ ಗೊತ್ತಿಲ್ಲ.

ನಿಜ ಹೇಳುತ್ತೇನೆ, ಬಟ್ಟೆಗೆ ಸ್ವಲ್ಪ ಡೀಸೆಲ್ ಹಾಕಿ ಆ ಗೀಟುಗಳನ್ನು ಒರೆಸಿಬಿಡುವ ಯೋಚನೆ ಬಂತು. ಒರೆಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗಾಡಿ ಉಳಿಸಿಕೊಟ್ಟ ದೇವರು ಎಂದು ಊರೆಲ್ಲ ಹೇಳುತ್ತಿದ್ದರು. ಬಟ್ಟೆ ಕೈಯಲ್ಲೇ ಇತ್ತು. ಆದರೆ ಒರೆಸಿದ ಮೇಲೆ ಮತ್ತೆ ಬಿಗಿ ಮಾಡುವವನೂ ನಾನೇ ಅಲ್ಲವೇ? ಆ ಏಳು ಜನ ಮತ್ತೆ ಅದರ ಮೇಲೆಯೇ ಕೂರಬೇಕಲ್ಲವೇ? ಹೊರಗೆ ಬಂದೆ.

"ಜಯಮ್ಮ, ಎಂಜಿನ್ ಚೆನ್ನಾಗೈತೆ. ಫ್ಲೈವೀಲ್ ಸಡಿಲ ಆಗಿತ್ತು. ಹೋದ್ವರ್ಷ ಬಿಗಿ ಮಾಡಿದ್ದು ನಾನೇ. ನಂಗೆ ಕಿವಿ ಕೇಳಲ್ಲಮ್ಮ. ಮೊನ್ನೆ ನೀನು ಹೇಳಿದ್ದೂ ಕೇಳ್ಲಿಲ್ಲ."

ಅಂಗಳದಲ್ಲಿ ಕಾಯಿ ಅಲ್ಲಾಡಿಸುವ ಕೈಗಳೆಲ್ಲ ನಿಂತವು. ಜಯಮ್ಮನ ಮುಖ ಕೆಂಪಾಯಿತು.

"ತಿಂಗಳಿಂದ ಬಡೀತಿತ್ತು, ಊಟ ಸೇರ್ತಿರಲಿಲ್ಲ ನಂಗೆ" ಎಂದಳು. ಈ ಸಲ ಗಟ್ಟಿಯಾಗಿ, ನನಗೆ ಕೇಳುವಂತೆ. "ಇಷ್ಟು ಜನ ಹೆಣ್ಮಕ್ಳ ಹಿಂದೆ ಕೂರಿಸ್ಕಂಡು ಓಡಿಸಿವ್ನಿ. ಕೇಳಲ್ಲ ಅಂತ ಒಂದ್ ಮಾತು ಅಂದಿದ್ರೆ ನಾನು ಹತ್ರ ಬಂದು ಹೇಳ್ತಿದ್ದೆ. ಸುಮ್ಕೆ ತಲೆ ಯಾಕ್ರೀ ಆಡಿಸಿದ್ರಿ?"

ಆಕೆ ರಾಶಿಯ ಮುಂದೆ ಹೋಗಿ ಕೂತು ನಾಲ್ಕೈದು ಕಾಯಿ ಅಲ್ಲಾಡಿಸಿ ಈ ಕಡೆ ಆ ಕಡೆ ಎಸೆದಳು. ಆಮೇಲೆ ಎದ್ದು ಬಂದಳು.

"ಬಿಗಿ ಮಾಡಿ. ನಾನು ಕೇಳ್ತೀನಿ."

ಗುಜರಿಯವನು ಖಾಲಿ ಕೈಯಲ್ಲಿ ಹೋದ. ಹೊಸ ಬೋಲ್ಟುಗಳನ್ನು ತಿಪಟೂರಿನಿಂದ ಬಸ್ಸಿನಲ್ಲಿ ತರಿಸಿದೆವು. ಅಂದೇ ಮೊದಲ ಸಲ ಟಾರ್ಕ್ ವ್ರೆಂಚಿನ ಕವರು ಹರಿದೆ. ಕಟಕ್ಕೆಂದು ಕೈಗೆ ತಾಗುವವರೆಗೆ ಒಂದೊಂದನ್ನೂ ಬಿಗಿದು, ಸುತ್ತಿಗೆಯಿಂದ ತಾಗಿಸಿದೆ. ಜಯಮ್ಮ ನನ್ನ ಪಕ್ಕದಲ್ಲೇ ಅಡಿಯಲ್ಲಿ ಗೋಣಿಚೀಲ ಹಾಸಿಕೊಂಡು ಮಲಗಿದ್ದಳು. ಮೊದಲನೆಯದಕ್ಕೆ ಹೂಂ ಎಂದಳು. ಎರಡು, ಮೂರು, ನಾಲ್ಕು, ಐದಕ್ಕೂ ಹೂಂ. ಆರನೆಯದಕ್ಕೆ, "ಇದು ಇನ್ನೂ ಹಸಿ" ಎಂದಳು.

"ವ್ರೆಂಚು ಸರಿ ಅಂತದಲ್ಲಮ್ಮ?"

"ವ್ರೆಂಚ್ ಏನಾರಾ ಅನ್ಲಿ. ಇದು ಹಸಿ ಕಾಯಿ."

ಬಿಚ್ಚಿ ನೋಡಿದೆ. ತೂತಿನ ತಳದಲ್ಲಿ ಲೋಹದ ಪುಡಿಯೂ ಗ್ರೀಸೂ ಸೇರಿ ಗಟ್ಟಿಯಾಗಿ ಕೂತಿತ್ತು. ಬೋಲ್ಟು ಆ ಕಸಕ್ಕೆ ತಾಗಿ ಬಿಗಿಯಾಗಿತ್ತೇ ಹೊರತು ಚಕ್ರವನ್ನು ಹಿಡಿದಿರಲಿಲ್ಲ. ಕಡ್ಡಿಯಿಂದ ಕೆರೆದು ತೆಗೆದು ಮತ್ತೆ ಬಿಗಿದೆ, ತಾಗಿಸಿದೆ. ಹೂಂ ಎಂದಳು. ಎಂಟೂ ಮುಗಿದ ಮೇಲೆ ನಾನು ಹಳದಿ ಬಣ್ಣದ ಡಬ್ಬಿಯನ್ನು ಆಕೆಯ ಕೈಗೆ ಕೊಟ್ಟೆ. ಗೀಟು ಎಳೆದದ್ದು ಜಯಮ್ಮನೇ.

ಮಾರನೆಯ ದಿನ ಎಂಜಿನ್ ಚಾಲೂ ಮಾಡಿದಾಗ ದಪ್ಪ ಗುದ್ದು ನನಗೆ ಕೇಳಲಿಲ್ಲ, ಸಣ್ಣ ಒಡಕು ಉಳಿದಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಹೆಂಗಸರ ಮುಖ ನೋಡಿ ತಿಳಿದುಕೊಂಡೆ. ಒಬ್ಬಳು ದೇವರ ಪಟವನ್ನು ಸೆರಗಿನಲ್ಲಿ ಒರೆಸಿ ಮತ್ತೆ ಅದರ ಜಾಗದಲ್ಲಿಟ್ಟಳು.

ಆ ವಾರವೇ ಗ್ಯಾರೇಜಿನ ಗೇಟಿಗೆ ಒಂದು ತಗಡು ತೂಗುಹಾಕಿದೆ. "ನನಗೆ ಕಿವಿ ಮಂದ. ಎಂಜಿನ್ ನಿಲ್ಲಿಸಿ, ಎದುರು ನಿಂತು, ಗಟ್ಟಿಯಾಗಿ ಹೇಳಿ." ಗಿರಾಕಿಗಳು ಓಡಿಹೋಗುತ್ತಾರೆಂದು ಹೆದರಿದ್ದೆ. ಒಬ್ಬಿಬ್ಬರು ಹೋದರು, ಉಳಿದವರು ಬಂದರು. ಅಲ್ಲಿಂದ ಮುಂದೆ ಮೂರು ವರ್ಷ, ಗಾಡಿ ತಂದವರ ಕಿವಿಗೇ ಸ್ಕ್ರೂಡ್ರೈವರ್ ಕೊಟ್ಟು, ಅವರ ಮಾತಿನಲ್ಲೇ ಕಾಯಿಲೆ ಹೇಳಿಸಿದೆ. ಮಗ್ಗದವನು ಮಗ್ಗದ ಸದ್ದು ಹೇಳಿ ತಿಳಿಸಿದ, ಬೋರ್‌ವೆಲ್ಲಿನವನು ಮೋಟಾರಿನ ಸದ್ದು ಹೇಳಿದ. ಆ ಮೂರು ವರ್ಷದಲ್ಲಿ ನಾನು ತಪ್ಪು ಬಿಚ್ಚಿದ ಎಂಜಿನ್ ಒಂದೂ ಇಲ್ಲ. ಕಿವಿ ಚೆನ್ನಾಗಿದ್ದ ಕಾಲದ ಬಗ್ಗೆ ನಾನು ಹೀಗೆ ಹೇಳಲಾರೆ.

ಕೆಲಸ ಕಲಿಯುವವರಿಗೆ ನಾನು ಹೇಳುವುದು ಇಷ್ಟೇ. ಟಾರ್ಕ್ ವ್ರೆಂಚ್ ಕೊಳ್ಳಿ, ಕವರು ಹರಿಯಿರಿ. ಕಿವಿಗೆ ಹತ್ತಿಯನ್ನಾದರೂ ಇಟ್ಟುಕೊಂಡು ಸುತ್ತಿಗೆ ಬಡಿಯಿರಿ, ನಾನು ಇಡಲಿಲ್ಲ. ಕೇಳಿಸದಿದ್ದರೆ ಕೇಳಿಸಲಿಲ್ಲ ಎನ್ನಿ, ಅದರಿಂದ ಯಾರೂ ಸಾಯುವುದಿಲ್ಲ.

ಗ್ಯಾರೇಜು ಮುಚ್ಚಿದ ಮೇಲೆ ನೂರ್‌ಜಹಾನ್ ನನ್ನನ್ನು ಎಳೆದುಕೊಂಡು ಹೋಗಿ ಕಿವಿಗೆ ಮಿಷನ್ ಹಾಕಿಸಿದಳು. ಅವಳ ಬಳೆಯ ಸದ್ದು ಎಷ್ಟೋ ವರ್ಷಗಳ ಮೇಲೆ ಕೇಳಿತು. ಕಣ್ಣಲ್ಲಿ ನೀರು ಬಂತು, ಮಿಷನ್ ಚುಚ್ಚುತ್ತದೆ ಎಂದು ಸುಳ್ಳು ಹೇಳಿದೆ.

ಸುದ್ದಿ ಹೊನ್ನವಳ್ಳಿಗೂ ಹೋಯಿತು. ಒಂದು ದಿನ ಬೆಳಿಗ್ಗೆ ಆ ಪಿಕಪ್ ನಮ್ಮ ಮನೆಯ ಮುಂದೆ ಬಂದು ನಿಂತಿತು. ಹಿಂದೆ ಹೆಂಗಸರು ತುಂಬಿದ್ದರು, ಈಗ ಒಂಬತ್ತು ಜನ. ಜಯಮ್ಮ ಎಂಜಿನ್ ಆಫ್ ಮಾಡಲಿಲ್ಲ. ನಾನು ಬಾಗಿಲಿಗೆ ಬಂದು ನಿಂತು ಕೇಳಿದೆ. ಹಳೆಯ ಎಂಜಿನ್ನಿನ ಒರಟು ಸದ್ದು, ಅದರ ಮೇಲೆ ವಾಲ್ವ್ ಎತ್ತುವ ಟ್ಯಾಪೆಟ್ಟುಗಳ ಸಣ್ಣ ಟಿಕ್ ಟಿಕ್, ಎಲ್ಲೂ ಗುದ್ದಿಲ್ಲ. ಎಂಜಿನ್ ಓಡುತ್ತಿದ್ದಂತೆಯೇ ಒಳಗಿನಿಂದ ಆಕೆ ಏನೋ ಕೇಳಿದಳು. ಕೂಗಲಿಲ್ಲ, ಮಾಮೂಲಿ ದನಿಯಲ್ಲೇ ಕೇಳಿದಳು.

"ಕ್ಲಚ್ ತುಳೀಲಾ ಸಾಬ್ರೇ?"

ಒಂದೇ ಸಲಕ್ಕೆ ಕೇಳಿತು. "ತುಳಿಯಮ್ಮ" ಎಂದೆ.